ಒಬ್ಬರೇ ನಡೆದ ಗೆರೆ

ವರ್ಕೌಸ್, 6 ಏಪ್ರಿಲ್ 2014, ಭಾನುವಾರ

ಹೆಲ್ಕಾ,

ಬೆಳಗಿನ ಹತ್ತು ಗಂಟೆ. ತೌನೊ ಸರೋವರದ ದಂಡೆಗೆ ನಡೆಯಲು ಹೋಗಿದ್ದಾರೆ. ಅವರು ಬರುವಷ್ಟರಲ್ಲಿ ಇದನ್ನು ಮುಗಿಸಿ ಕೈಚೀಲದಲ್ಲಿ ಇಡಬೇಕು. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಮನೆ ನಿನಗೆ ಗೊತ್ತು, ಎರಡು ಕೋಣೆ, ಒಂದು ಅಡುಗೆಮನೆ. ಎಲ್ಲಿ ನಿಂತು ಮಾತಾಡಿದರೂ ಅವರಿಗೆ ಕೇಳಿಸುತ್ತದೆ. ಕಂಪ್ಯೂಟರ್ ಇಬ್ಬರಿಗೂ ಒಂದೇ. ಅದಕ್ಕೆ ಕಾಗದ.

ಅಮ್ಮನ ಮನೆ ಖಾಲಿ ಮಾಡಿದ ಮೇಲೆ ನಾವಿಬ್ಬರೂ ಸರಿಯಾಗಿ ಮಾತಾಡಿಲ್ಲ. ಅದನ್ನು ಈಗ ಬದಿಗಿಡು.

ತೌನೊ ಅವರ ಮನಸ್ಸು ಜಾರುತ್ತಿದೆ ಎಂದು ನನಗೆ ಅನ್ನಿಸುತ್ತಿದೆ. ಊಟದ ಮೇಜಿನಲ್ಲಿ ಮಾತಿಲ್ಲ. ಕೇಳಿದ್ದು ಒಂದಾದರೆ ಉತ್ತರ ಇನ್ನೊಂದು. ಮಾವನವರಿಗೂ ಹೀಗೆಯೇ ಶುರುವಾಗಿದ್ದು: ಮೊದಲು ಮೌನ, ಆಮೇಲೆ ಸಂಬಂಧವಿಲ್ಲದ ಉತ್ತರ, ಕೊನೆಗೆ ಅತ್ತೆಯನ್ನೇ "ತಾವು ಯಾವೂರಿನವರು?" ಎಂದು ಕೇಳಿದರು. ಆಗ ಮಾವನವರಿಗೆ ಅರವತ್ತೆಂಟು. ತೌನೊಗೆ ಈ ಫೆಬ್ರುವರಿಯಲ್ಲಿ ಅರವತ್ತೆಂಟಾಯಿತು.

ಹಕ್ಕಿ ಎಣಿಕೆಯ ಲೆಕ್ಕ ನೋಡುವವಳು ನೀನು. ನಲವತ್ತು ವರ್ಷದಿಂದ ಇವರು ಪ್ರತಿ ಜೂನ್‌ನಲ್ಲಿ ಹಾಪಸುವೊ ಜೌಗಿನಲ್ಲಿ, ನಕ್ಷೆಯ ಮೇಲೆ ಎಳೆದುಕೊಟ್ಟ ಗೆರೆಯನ್ನೇ ಹಿಡಿದು ನಡೆದು, ಹಕ್ಕಿ ಎಣಿಸಿ ಕಳಿಸಿದ್ದೆಲ್ಲ ನಿನ್ನ ಕಂಪ್ಯೂಟರಿನಲ್ಲಿದೆ. ಅದರಲ್ಲಿ ಏನಾದರೂ ಕಾಣುತ್ತದೆಯೇ? ಯಾವಾಗಿನಿಂದ ಮನುಷ್ಯ ಕಡಿಮೆಯಾಗುತ್ತಾ ಬಂದ ಎಂದು?

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು.

ನಿನ್ನ ಅಕ್ಕ,
ರಾಯಿಲಿ

*

ಹೆಲ್ಸಿಂಕಿ, 15 ಏಪ್ರಿಲ್

ಅಕ್ಕಾ,

ಕಾಗದ ಬಂತು. ಎರಡು ಸಲ ಓದಿದೆ.

ಆಗದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮಲ್ಲಿ ಎಣಿಸುವವರಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದೆಂದು ಹುಡುಕಬಾರದು ಎಂಬುದೇ ನನ್ನ ಕೆಲಸದ ಷರತ್ತು. ನಾನು ಹುಡುಕುವುದು ಹಕ್ಕಿಗಳನ್ನು: ಯಾವುದು ಹೆಚ್ಚುತ್ತಿದೆ, ಯಾವುದು ಕಡಿಮೆಯಾಗುತ್ತಿದೆ ಎಂದು. ಎಣಿಸುವವರಲ್ಲಿ ಕೆಲವರು ಚುರುಕು, ಕೆಲವರು ಮಂದ. ಆ ವ್ಯತ್ಯಾಸ ಹಕ್ಕಿಯ ಲೆಕ್ಕದೊಳಗೆ ನುಸುಳದಿರಲಿ ಎಂದು ಪ್ರತಿಯೊಬ್ಬರಿಗೂ ಒಂದು ಅಂಕಿ ಕೊಟ್ಟು ಬದಿಗೆ ಸರಿಸುತ್ತೇನೆ. ಮರಗೆಲಸದಲ್ಲಿ ಉದುರುವ ಹೊಟ್ಟಿನ ಹಾಗೆ ಅದು. ಯಾರೂ ಅದನ್ನು ಓದುವುದಿಲ್ಲ.

ಇನ್ನು ಭಾವನ ಮೌನ. ಅವರು ಯಾವತ್ತು ಮಾತಾಡಿದವರು? ಬಾಯಿ ತೆರೆದುಕೊಂಡು ಕೂತವರ ಜೊತೆ ನಲವತ್ತು ವರ್ಷ ಮಾತಾಡಿದ ಹಲ್ಲಿನ ಡಾಕ್ಟರು. ಅವರಿಗೆ ಉತ್ತರ ಬೇಕಾಗಿಯೇ ಇರಲಿಲ್ಲ.

ನೀನು ನಿದ್ದೆ ಮಾಡುತ್ತಿದ್ದೀಯಾ?

ಹೆಲ್ಕಾ

*

ವರ್ಕೌಸ್, 10 ಮೇ

ಹೆಲ್ಕಾ,

ನಿನ್ನ ತಮಾಷೆಗೆ ನಗು ಬರಲಿಲ್ಲ. ಕೇಳು.

ಹೋದ ವಾರ ಹಜಾರದ ಚಾವಣಿಯಲ್ಲಿರುವ ಹೊಗೆ ಎಚ್ಚರಿಕೆಯ ಡಬ್ಬಿ ಕೂಗಲು ಶುರುಮಾಡಿತು. ಬ್ಯಾಟರಿ ಮುಗಿದಾಗ ನಿಮಿಷಕ್ಕೊಮ್ಮೆ ಕೀಚ್ ಎನ್ನುತ್ತದಲ್ಲ, ಹಾಗೆ. ನಾನು ಮಗಳ ಮನೆಯಿಂದ ಬಂದು ಬಾಗಿಲು ತೆರೆಯುವಾಗಲೇ ತಲೆ ಸಿಡಿಯಿತು. ಇವರು ಅದರ ಕೆಳಗೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು.

"ಎಷ್ಟೊತ್ತಿಂದ ಹೀಗೆ?" ಅಂದೆ.

"ಒಂದು ಗಂಟೆ ಆಯ್ತು, ಕಾಫಿ ಇನ್ನೂ ಇದೆ," ಅಂದರು.

ಪೇಟೆ ಚೌಕದಲ್ಲಿ ಒಬ್ಬಾಕೆ ಓಡಿ ಬಂದು, "ಡಾಕ್ಟ್ರೇ, ನೀವು ಹಾಕಿದ ಹಲ್ಲು ಇನ್ನೂ ಕಲ್ಲಿನ ಹಾಗಿದೆ ನೋಡಿ!" ಎಂದರೆ, "ಹೌದು, ಈ ಸಲ ಐಸ್ ಬೇಗ ಕರಗಿತು," ಎಂದರು. ಆಕೆಯ ಮುಖ ನೋಡಲಾಗಲಿಲ್ಲ.

ಇವೆಲ್ಲ ಹೋಗಲಿ. ನಿನ್ನೆ ವಿಲ್ಯಾ ಬಂದಿದ್ದಳು. ಮೊಮ್ಮಗಳಿಗೆ ಈಗ ನಾಲ್ಕು ವರ್ಷ, ಗುಬ್ಬಿಯ ದನಿ. ಇವರ ಬೆನ್ನ ಹಿಂದೆ ನಿಂತು, "ಅಜ್ಜ, ಬನ್ ಕೊಡು. ಅಜ್ಜ, ಬನ್. ಅಜ್ಜಾ," ಎಂದು ಕೇಳಿದಳು. ಇವರು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಮಗು ಅಡುಗೆಮನೆಗೆ ಬಂದು ನನ್ನ ಲಂಗ ಹಿಡಿದು ಏನೆಂದಿತು ಗೊತ್ತಾ? "ಅಜ್ಜಿ, ಅಜ್ಜ ಮನೇಲಿಲ್ಲ."

ನೆನಪಿನ ಕಾಯಿಲೆಯ ಆಸ್ಪತ್ರೆಯಲ್ಲಿ ಸಮಯ ಕೇಳಿದ್ದೇನೆ. ಸೆಪ್ಟೆಂಬರ್ ಹದಿನೆಂಟು ಸಿಕ್ಕಿದೆ. ಇವರಿಗೆ ಹೇಳಿಲ್ಲ. ಹೇಗೆ ಹೇಳಲಿ?

ನಾಳೆ ತಾಯಂದಿರ ದಿನ. ಅಮ್ಮನ ಸಮಾಧಿಗೆ ನಿನ್ನ ಲೆಕ್ಕದಲ್ಲೂ ಹೂ ಇಡುತ್ತೇನೆ.

ರಾಯಿಲಿ

*

ಹೆಲ್ಸಿಂಕಿ, 3 ಜೂನ್

ಅಕ್ಕಾ,

ಹೂವಿಗೆ ಋಣಿ. ಇಲ್ಲಿ ಬೇಸಗೆ ತಡವಾಗಿದೆ. ಸಮುದ್ರದ ಗಾಳಿ ತಣ್ಣಗಿದೆ, ಲೈಲಾಕ್ ಇನ್ನೂ ಮೊಗ್ಗು. ಕಚೇರಿಯಲ್ಲಿ ಕೆಲಸ ಬಹಳ. ಎಣಿಕೆಗಳಿಂದ ದೇಶದ ಹಕ್ಕಿಗಳನ್ನು ಅಂದಾಜು ಮಾಡುವ ಕಂಪ್ಯೂಟರ್ ಮಾದರಿಯ ಲೆಕ್ಕ ಕೂಡಿಬರುತ್ತಿಲ್ಲ, ಮತ್ತೆ ಮತ್ತೆ ಓಡಿಸುತ್ತಿದ್ದೇವೆ.

ಆಸ್ಪತ್ರೆಯ ಸಮಯ ತೆಗೆದುಕೊಂಡದ್ದು ಒಳ್ಳೆಯದಾಯಿತು.

ಭಾವ ಈ ಸಲವೂ ಗೆರೆಗೆ ಹೋಗುತ್ತಾರೆಯೇ? ಸೊಳ್ಳೆ ಜಾಸ್ತಿ ಎನ್ನುತ್ತಿದ್ದಾರೆ. ಎಣ್ಣೆ ಹಚ್ಚಿಕೊಳ್ಳಲು ಹೇಳು.

ಹೆಲ್ಕಾ

*

ವರ್ಕೌಸ್, 24 ಜೂನ್

ಹೆಲ್ಕಾ,

ಆಸ್ಪತ್ರೆಯ ಸಮಯ ಒಳ್ಳೆಯದಾಯಿತು ಎಂದು ಯಾಕೆ ಬರೆದೆ? ಏಪ್ರಿಲ್‌ನಲ್ಲಿ ನನ್ನನ್ನು ಗೇಲಿ ಮಾಡಿದವಳು ನೀನು. ಈಗ ಗಾಳಿ, ಲೈಲಾಕ್, ಸೊಳ್ಳೆ. ನೀನು ಆರು ವರ್ಷದವಳಿದ್ದಾಗ ಅಮ್ಮನ ಹೂದಾನಿ ಒಡೆದು, ಬಂದ ಅತಿಥಿಗಳಿಗೆಲ್ಲ ಹವಾಮಾನ ಹೇಳುತ್ತಾ ನಿಂತಿದ್ದೆ. ನಾನು ಮರೆತಿಲ್ಲ.

ಇವರು ಜೂನ್ ಎಂಟರಂದು ಗೆರೆಗೆ ಹೋಗಿಬಂದರು. ಯಾವಾಗಲೂ ಬಂದವರೇ ಹಾಳೆಯನ್ನು ಮೇಜಿನ ಮೇಲೆ ಹರಡಿ ಶಾಯಿಯಲ್ಲಿ ತಿದ್ದಿ ಬರೆಯುತ್ತಿದ್ದರು. ಈ ಸಲ ಬೂಟನ್ನೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತರು. ನಾನು ಪಕ್ಕದಲ್ಲಿ ಕೂತೆ.

"ಹಳದಿನೆತ್ತಿ ಒಂದೂ ಇಲ್ಲ ರಾಯಿಲಿ. ಹೋದ ವರ್ಷವೂ ಇರ್ಲಿಲ್ಲ. ಮರಹತ್ತುಕನೂ ಇಲ್ಲ. ಮರ ಎಲ್ಲ ನಿಂತಿದೆ, ಒಳಗೆ ಯಾರೂ ಇಲ್ಲ. ಕಾಡು ಸಾಯ್ತಾ ಇದೆ."

ಅಂಗೈಯಷ್ಟೂ ಇಲ್ಲದ ಹಕ್ಕಿಗಳು. ಅವುಗಳಿಗಾಗಿ ಈ ಮನುಷ್ಯ ಅತ್ತರು. ಮದುವೆಯಾದಾಗಿನಿಂದ ಇವರು ಅತ್ತದ್ದನ್ನು ನಾನು ನೋಡಿರಲಿಲ್ಲ, ಅವರಪ್ಪ ಹೋದಾಗಲೂ. ಅದೂ ಕಾಯಿಲೆಯ ಲಕ್ಷಣವಂತೆ, ಓದಿದ್ದೇನೆ.

ಮಧ್ಯಬೇಸಗೆಯ ಹಬ್ಬ ಸುಮ್ಮನೆ ಕಳೆಯಿತು. ಹಬೆಸ್ನಾನಕ್ಕೆ ಸೌನಾ ಕಾಯಿಸಿದೆವು, ಅಷ್ಟೇ.

ನಿನಗೆ ಏನು ಕಂಡಿದೆಯೋ ಅದನ್ನು ಬರೆ.

ರಾಯಿಲಿ

*

ಹೆಲ್ಸಿಂಕಿ, 2 ಜುಲೈ

ಅಕ್ಕಾ,

ಬರೆಯುತ್ತೇನೆ.

ನೋಡುವುದಿಲ್ಲ ಎಂದಿದ್ದೆ. ಮೇ ಕೊನೆಯಲ್ಲಿ ನೋಡಿದೆ. ಹೆಸರು ಹುಡುಕಲಿಲ್ಲ, ಹುಡುಕುವ ಅಗತ್ಯವೂ ಬೀಳಲಿಲ್ಲ. ಹದಿನೆಂಟು ವರ್ಷದವಳಿದ್ದಾಗ ಒಂದು ಬೇಸಗೆ ಭಾವನ ಹಿಂದೆ ಆ ಜೌಗಿನಲ್ಲಿ ಓಡಾಡಿದವಳು ನಾನು. ಆ ಗೆರೆ ಎಲ್ಲಿ ಹಾಯುತ್ತದೆಂದು ನಕ್ಷೆಯಲ್ಲಿ ಕಂಡಕೂಡಲೇ ಗೊತ್ತಾಯಿತು.

ಅವರ ಅಂಕಿ ಏಳೆಂಟು ವರ್ಷದಿಂದ ಇಳಿಯುತ್ತಾ ಬಂದಿದೆ. ಹೊಸಬರ ಅಂಕಿಯಾಗಿದ್ದರೆ ನಾನು ನಂಬುತ್ತಿರಲಿಲ್ಲ. ನಮ್ಮ ಮಾದರಿಗೆ ಹಲವು ಹಂತಗಳಿವೆ: ಕೆಳಗೆ ಒಂದೊಂದು ಎಣಿಕೆ, ಅದರ ಮೇಲೆ ಎಣಿಸುವವರು, ಎಲ್ಲಕ್ಕೂ ಮೇಲೆ ಇಡೀ ದೇಶ. ಒಬ್ಬರ ಬಗ್ಗೆ ತಿಳಿದದ್ದು ಸ್ವಲ್ಪವೇ ಆದರೆ ಮಾದರಿ ಅವರನ್ನು ಉಳಿದೆಲ್ಲರ ಸರಾಸರಿಯ ಕಡೆಗೆ ಎಳೆದು ಕೂರಿಸುತ್ತದೆ, ಅವಸರದ ತೀರ್ಪು ಬೇಡ ಎನ್ನುವ ಹಾಗೆ. ನಲವತ್ತು ವರ್ಷ ನಡೆದವರನ್ನು ಅದು ಎಳೆಯುವುದಿಲ್ಲ. ಅವರ ಅಂಕಿ ಅವರದೇ.

ಆದರೆ ಲೆಕ್ಕ ಕೂಡಿಬರುತ್ತಿಲ್ಲ ಎಂದೆನಲ್ಲ, ಅದು ಸುಳ್ಳಲ್ಲ. ಇಂಥ ಮಾದರಿಯ ಉತ್ತರವನ್ನು ಕಂಪ್ಯೂಟರು ಒಂದೇ ಏಟಿಗೆ ಹೇಳಲಾರದು, ಹುಡುಕಬೇಕು. ಗೊತ್ತಿಲ್ಲದ ಕಾಡಿಗೆ ನಾಲ್ವರನ್ನು ನಾಲ್ಕು ದಿಕ್ಕಿನಿಂದ ಅಣಬೆ ಹುಡುಕಲು ಬಿಟ್ಟ ಹಾಗೆ. ಸಂಜೆಗೆ ನಾಲ್ವರೂ ಒಂದೇ ತಗ್ಗಿನಲ್ಲಿ ಸುತ್ತುತ್ತಿದ್ದರೆ ಅಣಬೆ ಅಲ್ಲಿದೆ ಎಂದು ನಂಬುತ್ತೇವೆ. ಭಾವನ ವಿಷಯದಲ್ಲಿ ಇಬ್ಬರು ಒಂದು ತಗ್ಗಿನಲ್ಲಿದ್ದಾರೆ, ಇಬ್ಬರು ಇನ್ನೊಂದರಲ್ಲಿ. ಒಂದು ತಗ್ಗು ಹೇಳುತ್ತದೆ: ಹಕ್ಕಿಗಳಿವೆ, ಮನುಷ್ಯನ ಗಮನ ಹೋಗಿದೆ. ಇನ್ನೊಂದು ಹೇಳುತ್ತದೆ: ಮನುಷ್ಯ ನೆಟ್ಟಗಿದ್ದಾನೆ, ಹಕ್ಕಿಗಳೇ ಹೋಗಿವೆ. ಎರಡರಲ್ಲಿ ಯಾವುದು ನಿಜವೆಂದು ಗೊತ್ತಾಗಬೇಕಾದರೆ ಆ ಗೆರೆಯ ಮೇಲೆ ಬೇರೆ ಯಾರಾದರೂ ಎಣಿಸಿರಬೇಕಿತ್ತು. ಎಣಿಸಿದವರು ಒಬ್ಬರೇ.

ನನ್ನ ಜೊತೆ ಕೆಲಸ ಮಾಡುವ ಲೌರಿ, "ಇನ್ನೂ ಹೊತ್ತು ಓಡ್ಸಿ, ಎಲ್ರೂ ಒಂದೇ ಕಡೆ ಸೇರ್ತಾರೆ," ಎಂದ. ಒಂದು ವಾರ ಓಡಿಸಿದೆವು. ಸೇರಲಿಲ್ಲ.

ನಾನು ಯಾವುದನ್ನು ನಂಬುತ್ತೇನೆಂದು ಕೇಳಬೇಡ. ಸೆಪ್ಟೆಂಬರಿನ ಸಮಯವನ್ನು ಬಿಡಬೇಡ.

ಹೆಲ್ಕಾ

*

ಹೆಲ್ಸಿಂಕಿ, 12 ಆಗಸ್ಟ್

ಅಕ್ಕಾ,

ಜುಲೈ ಪೂರ್ತಿ ನೀನು ಬರೆಯಲಿಲ್ಲ. ತಪ್ಪು ಎಣಿಸುವುದಿಲ್ಲ. ಈಗ ಕೂತುಕೊಂಡು ಇದನ್ನು ಓದು. ಸುದ್ದಿ ಒಳ್ಳೆಯದು ಎಂದು ಮೊದಲೇ ಹೇಳಿಬಿಡುತ್ತೇನೆ.

ಹೋದ ಗುರುವಾರ, ರಜೆಯಿಂದ ಬಂದ ಮೊದಲ ವಾರ, ನಿನ್ನ ಜೂನ್ ಕಾಗದವನ್ನು ಮತ್ತೆ ತೆಗೆದೆ. ಹಳದಿನೆತ್ತಿಗಾಗಿ ಭಾವ ಅತ್ತರು ಎಂದು ಬರೆದಿದ್ದೆಯಲ್ಲ. ಎಷ್ಟೋ ವರ್ಷದಿಂದ ನಾನೂ ಆ ಹಕ್ಕಿಯ ದನಿ ಕೇಳಿರಲಿಲ್ಲ. ಕಚೇರಿಯಲ್ಲಿ ಧ್ವನಿಮುದ್ರಣಗಳಿವೆ, ಹಾಕಿದೆ. ಏನೂ ಬರಲಿಲ್ಲ. ದನಿ ಏರಿಸಿದೆ. ಆಗ ಲೌರಿ ಪಕ್ಕದ ಕೋಣೆಯಿಂದ ಕಿವಿ ಮುಚ್ಚಿಕೊಂಡು ಓಡಿಬಂದ.

"ಅಯ್ಯೋ ಹೆಲ್ಕಾ, ನಿಲ್ಸಿ ಅದನ್ನ! ಹಲ್ಲು ಜುಮ್ ಅಂತಿದೆ!"

"ಇನ್ನೂ ಶುರುವೇ ಆಗಿಲ್ವಲ್ಲ?"

"ಶುರುವಾಗಿಲ್ವಾ? ಮಹಡಿ ಪೂರ್ತಿ ಕೇಳಿಸ್ತಿದೆ!"

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನನಗೆ ಐವತ್ತೇಳು, ಅವನಿಗೆ ಮೂವತ್ತೊಂದು. ಕಾಡಿನಲ್ಲಿ ಎಣಿಸುವುದು ಬಹುಪಾಲು ದನಿ ಕೇಳಿಯೇ. ಹಳದಿನೆತ್ತಿಯ ದನಿ ಸೂಜಿಮೊನೆಯಷ್ಟು ತೆಳು. ಹಕ್ಕಿಗಳಲ್ಲಿ ಅಷ್ಟು ಮೇಲಿನ ಸ್ವರದವು ಕೆಲವೇ. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಆ ಸ್ವರಗಳನ್ನೇ.

ನಮ್ಮ ಮಾದರಿ ಪ್ರತಿಯೊಬ್ಬರಿಗೂ ಒಂದೇ ಅಂಕಿ ಕೊಡುತ್ತಿತ್ತು, ಎಲ್ಲ ಹಕ್ಕಿಗೂ ಸೇರಿಸಿ. ಚುರುಕು ಎಂದರೆ ಎಲ್ಲಕ್ಕೂ ಚುರುಕು, ಮಂದ ಎಂದರೆ ಎಲ್ಲಕ್ಕೂ ಮಂದ. ಮನುಷ್ಯ ಹಾಗೆ ಕಡಿಮೆಯಾಗುವುದಿಲ್ಲ. ಅಂದೇ ಕೂತು ಬದಲಾಯಿಸಿದೆವು: ಒಬ್ಬೊಬ್ಬರಿಗೂ ಸ್ವರದ ಎತ್ತರಕ್ಕೆ ತಕ್ಕಂತೆ ಬೇರೆ ಬೇರೆ ಅಂಕಿ, ವಯಸ್ಸಿನ ಜೊತೆ ಅದು ಬದಲಾಗಲು ದಾರಿ. ಶುಕ್ರವಾರ ಓಡಿಸಿದೆವು. ಸೋಮವಾರ ಬಂದು ನೋಡಿದರೆ ನಾಲ್ವರೂ ಒಂದೇ ತಗ್ಗಿನಲ್ಲಿದ್ದರು.

ಭಾವ ಕೋಗಿಲೆಯನ್ನು ಬಿಟ್ಟಿಲ್ಲ. ಕಾಡುಪಾರಿವಾಳ, ಕ್ರೌಂಚ, ಮರಕುಟಿಗ, ತಗ್ಗಿನ ದನಿಯ ಯಾವುದನ್ನೂ ಬಿಟ್ಟಿಲ್ಲ. ಅವುಗಳ ಮಟ್ಟಿಗೆ ಇಡೀ ದೇಶದಲ್ಲಿ ಅವರಂಥ ಎಣಿಕೆಗಾರರು ಬೆರಳೆಣಿಕೆಯಷ್ಟು ಮಂದಿ, ಹೋದ ವರ್ಷವೂ ಕೂಡ. ಕಳೆದದ್ದು ಮೇಲಿನ ಸ್ವರ ಮಾತ್ರ. ಗಮನ ಹೋದ ಮನುಷ್ಯ ಸ್ವರ ನೋಡಿ ಹಕ್ಕಿ ಬಿಡುವುದಿಲ್ಲ ಅಕ್ಕಾ.

ಹೊಗೆ ಡಬ್ಬಿ ಕೀಚ್ ಎಂದದ್ದನ್ನು ಯೋಚಿಸು. ವಿಲ್ಯಾಳ ದನಿ ಯೋಚಿಸು.

ನಾನು ಎಡವಿದ್ದು ಎಲ್ಲಿ ಎಂದೂ ಬರೆಯಬೇಕು. ನಮ್ಮ ವಿಧಾನದಲ್ಲಿ, ಲೆಕ್ಕ ಶುರುವಾಗುವ ಮುಂಚೆ ನಮಗಿರುವ ನಂಬಿಕೆಯನ್ನು ಬರೆದಿಡುತ್ತೇವೆ. ಆಮೇಲೆ ಅಂಕಿಗಳು ಅದನ್ನು ತಿದ್ದುತ್ತವೆ. ನೀನು ಮಾವನವರನ್ನು ನೋಡಿದವಳು. ಅದೇ ಭಯವನ್ನು ಹಿಡಿದುಕೊಂಡು ಭಾವನ ಪ್ರತಿ ದಿನವನ್ನೂ ಓದಿದೆ. ನಾನು ನಿನ್ನ ಕಾಗದ ಓದಿ, ಆ ಭಯವನ್ನೇ ಹಿಡಿದುಕೊಂಡು ಮಾದರಿಯನ್ನು ಓದಿದೆ. ಆಮೇಲೆ ಮಾದರಿಯೂ ಅದನ್ನೇ ಹೇಳುತ್ತದೆ ಎಂದುಕೊಂಡೆ. ಒಂದೇ ಭಯವನ್ನು ಎರಡು ಸಾಕ್ಷಿ ಎಂದು ಲೆಕ್ಕ ಹಿಡಿದೆ.

ಇದು ಮನಸ್ಸಿಗೆ ಏನೂ ಆಗಿಲ್ಲ ಎಂಬ ಪ್ರಮಾಣಪತ್ರವಲ್ಲ. ಆಸ್ಪತ್ರೆಗೆ ಹೋಗಿ. ಅದಕ್ಕೆ ಮೊದಲು ಕಿವಿ ತೋರಿಸಿ.

ಹೆಲ್ಕಾ

*

ವರ್ಕೌಸ್, 19 ಸೆಪ್ಟೆಂಬರ್

ಹೆಲ್ಕಾ, ಪುಟ್ಟಿ,

ನಿನ್ನ ಕಾಗದ ಬಂದ ದಿನ ನಾನು ಕೂತು ಓದಲಿಲ್ಲ, ಅಂಚೆಡಬ್ಬಿಯ ಹತ್ತಿರ ನಿಂತೇ ಓದಿದೆ. ಮನೆಗೆ ಬಂದು ಮೇಜಿನ ಖಾನೆಯಿಂದ ಆ ಹಳೆಯ ಬ್ಯಾಟರಿ ಹುಡುಕಿ ತೆಗೆದು ಡಬ್ಬಿಗೆ ಮತ್ತೆ ಹಾಕಿದೆ. ಇವರನ್ನು ಕರೆದು ಅದರ ಕೆಳಗೆ ನಿಲ್ಲಿಸಿದೆ.

ಅದು ಕೀಚ್ ಎಂದಿತು. "ಈಗ?" ಅಂದೆ.

"ಏನು ಈಗ?"

ಕೀಚ್. "ಈಗ?"

"ರಾಯಿಲಿ, ನೀನು ಹೀಗೆ ಚಾವಣಿ ನೋಡ್ಕೊಂಡು ಈಗ ಈಗ ಅಂತಿದ್ರೆ, ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಳ್ಳೋದು ಒಳ್ಳೇದು."

"ಅದನ್ನೇ ಹೇಳ್ಬೇಕಿತ್ತು. ಕೂತ್ಕೊಳ್ಳಿ," ಅಂದೆ.

ಎಲ್ಲ ಹೇಳಿದೆ. ಅವರಪ್ಪನ ವಿಷಯ, ಆಸ್ಪತ್ರೆಯ ಸಮಯ, ಏಪ್ರಿಲ್‌ನಿಂದ ನಿನಗೆ ಬರೆದ ಕಾಗದಗಳು. ಅವರಿಗೆ ಕೇಳಿಸಬಾರದು ಎಂದು ಕಾಗದ ಬರೆದೆ ಎಂದಾಗ ನನಗೇ ನಗು ಬಂತು. ಅವರು ನಗಲಿಲ್ಲ. ಸಿಟ್ಟಾಗಲೂ ಇಲ್ಲ. ಕೊನೆಗೆ ನಿನ್ನ ಕಾಗದವನ್ನೇ ಕೊಟ್ಟೆ. ಅದನ್ನು ಬಹಳ ಹೊತ್ತು ಓದಿದರು. ಓದಿ ಮುಗಿಸಿ ಕೇಳಿದ್ದು ಒಂದೇ ಮಾತು. ತನ್ನ ಕಿವಿಯ ಬಗ್ಗೆ ಅಲ್ಲ, ತಲೆಯ ಬಗ್ಗೆಯೂ ಅಲ್ಲ.

"ಹಾಗಾದ್ರೆ ಅವು ಅಲ್ಲೇ ಇವೆಯಾ?"

ಈ ಮನುಷ್ಯ ಎರಡು ವರ್ಷ ಕಾಡಿಗಾಗಿ ಶೋಕ ಮಾಡುತ್ತಾ ಕೂತಿದ್ದರು ಹೆಲ್ಕಾ. ನಾನು ಅದನ್ನೇ ಕಾಯಿಲೆ ಎಂದುಕೊಂಡಿದ್ದೆ.

ಕಿವಿಯ ಪರೀಕ್ಷೆಯಲ್ಲಿ ನೀನು ಹೇಳಿದ ಹಾಗೆಯೇ ಬಂತು. ಮೇಲಿನ ಸ್ವರಗಳು ಪೂರ್ತಿ ಹೋಗಿವೆ. ಡ್ರಿಲ್ಲಿನ ಪಕ್ಕದಲ್ಲೇ ಕಳೆದ ವರ್ಷಗಳೂ ಸೇರಿರಬಹುದು ಎಂದರು.

ನಿನ್ನೆ ಆ ಇನ್ನೊಂದು ಆಸ್ಪತ್ರೆಗೂ ಹೋಗಿಬಂದೆವು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಇವತ್ತು ಯಾವ ವಾರ, ಗಡಿಯಾರ ಬರೆಯಿರಿ, ಈ ಪದಗಳನ್ನು ನೆನಪಿಟ್ಟುಕೊಳ್ಳಿ, ಎಲ್ಲ ಆಯಿತು. ಇವರು ಗಡಿಯಾರಕ್ಕೆ ಸೆಕೆಂಡಿನ ಮುಳ್ಳನ್ನೂ ಬರೆದರು. ಆಮೇಲೆ ಪೆನ್ನು ಕೆಳಗಿಟ್ಟು, "ನಿಮ್ಮ ಮೇಲಿನ ಎಡಗಡೆ ದವಡೆಹಲ್ಲನ್ನ ಯಾರಿಗಾದ್ರೂ ತೋರ್ಸಿದ್ದೀರಾ? ಬಲಗಡೆಯಿಂದ್ಲೇ ಮಾತಾಡ್ತಿದ್ದೀರಿ," ಎಂದರು.

ಆಕೆ ಕೆನ್ನೆ ಮುಟ್ಟಿಕೊಂಡು, "ಸೋಮವಾರ ಹೋಗ್ಬೇಕು ಅಂತಿದ್ದೆ," ಎಂದಳು. ನನ್ನ ಕಡೆ ತಿರುಗಿ, "ಕರ್ಕೊಂಡು ಹೋಗಿ. ಇವರ ತಲೆ ನೆಟ್ಟಗಿದೆ," ಎಂದಳು.

ಕಾರಿನಲ್ಲಿ ಕೂತ ಮೇಲೆ ನಾನು ಅತ್ತೆ. ಇವರು ಕೈಗೆ ಕರವಸ್ತ್ರ ಕೊಟ್ಟು, ರೇಡಿಯೋ ಹಾಕಿದರು. ಬಹಳ ಜೋರಾಗಿ.

ರಾಯಿಲಿ

*

ವರ್ಕೌಸ್, 12 ಅಕ್ಟೋಬರ್

ಪ್ರಿಯ ಹೆಲ್ಕಾ,

ನಾನು ಕಾಗದ ಬರೆಯುವವನಲ್ಲ. ನಿನ್ನ ಅಕ್ಕ ಮೇಜಿನ ಆಚೆ ಕೂತು ಕಾವಲು ಕಾಯುತ್ತಿದ್ದಾಳೆ.

ಕಿವಿಯ ಯಂತ್ರ ಬಂದು ಹತ್ತು ದಿನವಾಯಿತು. ಪೇಪರ್ ಮಡಚಿದರೆ ಮರ ಮುರಿದ ಹಾಗೆ ಕೇಳಿಸುತ್ತದೆ. ರಾಯಿಲಿ ಇಷ್ಟು ಸದ್ದು ಮಾಡಿ ಕಾಫಿ ಕುಡಿಯುತ್ತಾಳೆಂದು ಗೊತ್ತಿರಲಿಲ್ಲ. ಹೇಳಿದೆ. ಹೇಳಬಾರದಿತ್ತು. ವಿಲ್ಯಾ ಹೇಳುವುದೆಲ್ಲ ಈಗ ಕೇಳಿಸುತ್ತದೆ. ಆಕೆ ಬಹಳ ಹೇಳುತ್ತಾಳೆ.

ಆದರೆ ಹಳದಿನೆತ್ತಿ ಕೇಳಿಸುವುದಿಲ್ಲ. ಅಷ್ಟು ಎತ್ತರದ ಸ್ವರವನ್ನು ಯಂತ್ರ ಎತ್ತಿಕೊಡಲಾರದಂತೆ. ಅದನ್ನು ಒಪ್ಪಿಕೊಂಡಿದ್ದೇನೆ.

ಹೋದ ಶನಿವಾರ ಹಾಪಸುವೊಗೆ ಹೋದೆವು, ರಾಯಿಲಿಯೂ ಬಂದಳು. ಮದುವೆಯಾಗಿ ಇಷ್ಟು ವರ್ಷವಾದರೂ ಆಕೆ ಅಲ್ಲಿ ಕಾಲಿಟ್ಟಿರಲಿಲ್ಲ. ಜೌಗು ದಾಟಿ ದಟ್ಟ ಸ್ಪ್ರೂಸ್ ಮರಗಳ ಕೆಳಗೆ ಬಂದಾಗ ಆಕೆ ನಿಂತಳು.

"ಇದೇನ್ರೀ ಇದು? ಗಾಜಿನ ಮೇಲೆ ಸೂಜಿ ಗೀಚಿದ ಹಾಗೆ?"

"ಎಲ್ಲಿ?"

"ಅಲ್ಲಿ. ಈಗ ಆ ಕಡೆ. ಈಗ ಮೇಲೆ, ಒಂದಲ್ಲ, ಸುಮಾರಿವೆ!"

ನಿನಗಿಂತ ದೊಡ್ಡವಳಾದರೂ ಆಕೆಯ ಕಿವಿ ಇನ್ನೂ ಚುರುಕು. ಆಕೆ ಬೆರಳು ತೋರಿಸಿದ ಕಡೆ ದುರ್ಬೀನು ಹಿಡಿದೆ. ಇದ್ದವು. ಕೊಂಬೆಯ ತುದಿಯಲ್ಲಿ ತಲೆಕೆಳಗಾಗಿ ತೂಗುತ್ತಾ, ನೆತ್ತಿಯ ಹಳದಿ ಗೆರೆ ಕಾಣುತ್ತಿತ್ತು. ಬಾಯಿ ತೆರೆಯುತ್ತಿದ್ದವು. ನನಗೆ ಏನೂ ಕೇಳಿಸಲಿಲ್ಲ. ಬಾಯಿ ತೆರೆಯುವುದು ಮಾತ್ರ ಕಂಡಿತು. ನನ್ನ ಇಡೀ ವೃತ್ತಿಯಲ್ಲಿ ನೋಡಿದ್ದು ಅದನ್ನೇ ಅಲ್ಲವೇ.

ಒಂದು ಪ್ರಶ್ನೆ ಇದೆ. ನಾನು ಬರೆದು ಕಳಿಸಿದ ಸೊನ್ನೆಗಳೆಲ್ಲ ತಪ್ಪು. ಹಕ್ಕಿ ಇತ್ತು, ನಾನು ಇಲ್ಲ ಎಂದು ಬರೆದೆ. ಅವನ್ನು ಅಳಿಸಲು ಕಚೇರಿಗೆ ಬರೆಯಬೇಕೇ? ಗೆರೆಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕೇ? ನೇರವಾಗಿ ಹೇಳು.

ತೌನೊ

*

ಹೆಲ್ಸಿಂಕಿ, 20 ಅಕ್ಟೋಬರ್

ಭಾವಾ,

ಅಳಿಸಬೇಡಿ. ಆ ಸೊನ್ನೆಗಳಿಲ್ಲದಿದ್ದರೆ ನೀವು ನಮಗೆ ಸಿಗುತ್ತಿರಲಿಲ್ಲ. ನೀವು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿದ್ದೀರಿ. ಇರಬೇಕಲ್ಲ ಎಂದು ಅಭ್ಯಾಸಬಲದಿಂದ ಒಂದೆರಡು ಹಕ್ಕಿ ಸೇರಿಸಿದ್ದರೆ ಸ್ವರದ ಆ ಇಳಿಜಾರು ಕಾಣುತ್ತಲೇ ಇರಲಿಲ್ಲ. ಈಗ ಅದೇ ಮಾದರಿಯಿಂದ ಇನ್ನೂ ಹಲವು ಹಿರಿಯ ಎಣಿಕೆಗಾರರ ಅಂಕಿಗಳು ಸರಿಯಾಗುತ್ತಿವೆ. ಹಳದಿನೆತ್ತಿ ನಾವು ಹೆದರಿದಷ್ಟು ಕಡಿಮೆಯಾಗಿಲ್ಲ, ಇಡೀ ದೇಶದಲ್ಲೇ.

ಗೆರೆಯನ್ನು ಬಿಡಬೇಡಿ. ಅದಕ್ಕೆ ಬೇಕಾಗಿರುವುದು ಎರಡನೆಯ ಜೋಡಿ ಕಿವಿ. ಒಂದೇ ಬೆಳಗ್ಗೆ ಇಬ್ಬರು ನಡೆದು, ತಮ್ಮ ತಮ್ಮ ಹಾಳೆಯಲ್ಲಿ ತಾವೇ ಬರೆದರೆ, ನನಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಷರತ್ತು ಎರಡು: ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡಬಾರದು, ಗೆರೆಯ ಮೇಲೆ ಮಾತಾಡಬಾರದು. ಎರಡನೆಯವರು ಪರಿಣತರಾಗಬೇಕಿಲ್ಲ. ಮೇಲಿನ ಸ್ವರದ ಐದಾರು ಹಕ್ಕಿಗಳನ್ನು ಚೆನ್ನಾಗಿ ಗುರುತಿಸಿದರೆ ಸಾಕು. ಹೊಸಬರನ್ನು ಮಾದರಿ ಬಹಳ ಮರ್ಯಾದೆಯಿಂದ ಸರಾಸರಿಯ ಪಕ್ಕ ಕೂರಿಸಿಕೊಳ್ಳುತ್ತದೆ.

ಯಾರೆಂದು ನಾನು ಹೇಳುವುದಿಲ್ಲ.

ಹೆಲ್ಕಾ

*

ವರ್ಕೌಸ್, 9 ನವೆಂಬರ್, ತಂದೆಯರ ದಿನ

ಹೆಲ್ಕಾ,

ಯಾರೆಂದು ಹೇಳುವುದಿಲ್ಲವಂತೆ! ನಿನ್ನ ಕಾಗದವನ್ನು ಇವರು ಮೇಜಿನ ಮೇಲೆ, ನನ್ನ ಬಟ್ಟಲಿನ ಪಕ್ಕದಲ್ಲಿ, ಅದೇ ಸಾಲು ಮೇಲೆ ಬರುವ ಹಾಗೆ ಮಡಚಿ ಇಟ್ಟು ಹೊರಗೆ ಹೋದರು. ನಾನು ಎರಡು ವಾರ ಅದನ್ನು ನೋಡದ ಹಾಗೆ ಇದ್ದೆ. ಬೆಳಗ್ಗೆ ನಾಲ್ಕು ಗಂಟೆಗೆ ಏಳುವವಳಲ್ಲ ನಾನು. ಸೊಳ್ಳೆ ಕಂಡರೆ ಆಗದು. ಆರು ಕಿಲೋಮೀಟರ್ ಜೌಗಿನಲ್ಲಿ, ಅದೂ ಬಾಯಿ ಮುಚ್ಚಿಕೊಂಡು.

ಇವತ್ತು ವಿಲ್ಯಾ ಕೇಕ್ ತಂದಿದ್ದಳು. ಅಜ್ಜನ ತೊಡೆಯ ಮೇಲೆ ಕೂತು ಕಿವಿಯ ಯಂತ್ರ ಬಿಚ್ಚಿ, ಹಾಕಿ, ಬಿಚ್ಚಿ, "ಈಗ ಇದ್ದೀಯಾ? ಈಗ?" ಎಂದು ಆಡುತ್ತಿದ್ದಳು. ಅವರು ಪ್ರತಿ ಸಲವೂ, "ಇದ್ದೀನಿ ಕಣೇ," ಎಂದರು. ಎಲ್ಲ ಹೋದ ಮೇಲೆ ನಾನು ಪಾತ್ರೆ ತೊಳೆಯುತ್ತಾ, ಹಕ್ಕಿಗಳ ಧ್ವನಿಮುದ್ರಣ ಎಲ್ಲಿದೆ ಎಂದು ಕೇಳಿದೆ. ಬೆನ್ನು ತಿರುಗಿಸಿ ಕೇಳಿದರೂ ಅವರಿಗೆ ಕೇಳಿಸಿತು.

ಮೊದಲ ಪಾಠ ಆಗಲೇ ಆಯಿತು. ಅವರಿಗೆ ಕೇಳಿಸದ ದನಿಯನ್ನು ಅವರೇ ನನಗೆ ಕಲಿಸುವುದು! ಪಟ್ಟಿ ನೋಡಿ ಹಾಕುತ್ತಾರೆ, ನನ್ನ ಮುಖ ನೋಡುತ್ತಾರೆ.

"ಇದು?"

"ಎಣ್ಣೆ ಇಲ್ಲದ ಬಾಗಿಲು."

"ಮರಹತ್ತುಕ. ಇದು?"

"ಅದೇ ಬಾಗಿಲು, ಎಣ್ಣೆ ಹಾಕಿದ ಮೇಲೆ."

"ರಾಯಿಲಿ!"

ಮುಂದೆ ಯಾರು ನಡೆಯಬೇಕೆಂದು ಒಂದು ಗಂಟೆ ವಾದವಾಯಿತು. ಗೆರೆ ತನಗೆ ಗೊತ್ತು ಎಂದು ಇವರು. ನೀವು ಮುಂದಿದ್ದರೆ ನಾನು ಹಕ್ಕಿಯನ್ನು ಬಿಟ್ಟು ನಿಮ್ಮ ಬೆನ್ನನ್ನೇ ನೋಡುತ್ತೇನೆ, ನೀವು ಎಲ್ಲಿ ನಿಂತು ಬರೆದಿರಿ ಎಂದು ಅಲ್ಲೇ ನಿಂತು ಕೇಳುತ್ತೇನೆ, ಅದು ಹೆಲ್ಕಾಳ ಷರತ್ತಿಗೆ ವಿರುದ್ಧ ಎಂದು ನಾನು. ಇವರು ಯೋಚಿಸಿ ಒಪ್ಪಿದರು. ದಿಕ್ಸೂಚಿ ಹಿಡಿಯುವುದನ್ನು ಹಿಮ ಬೀಳುವ ಮುಂಚೆ ಕಲಿಸುತ್ತಾರಂತೆ.

ಆದ್ದರಿಂದ ನಿನ್ನ ಕಚೇರಿಗೆ ತಿಳಿಸು. ಹಾಪಸುವೊ ಗೆರೆಗೆ ಹೊಸ ಎಣಿಕೆಗಾರ್ತಿ ಒಬ್ಬಳಿದ್ದಾಳೆ, ಅವಳಿಗೊಂದು ಸಂಖ್ಯೆ ಬೇಕು. ಜೂನ್ ಮೊದಲ ವಾರದಲ್ಲಿ ಗಾಳಿ ಇಲ್ಲದ ಮೊದಲ ಬೆಳಗ್ಗೆ ಹೊರಡುತ್ತೇವೆ. ಮುಂದೆ ನಾನು, ಕೂಗಿದರೆ ಕೇಳುವಷ್ಟು ದೂರದಲ್ಲಿ ಹಿಂದೆ ಇವರು. ಹಿಂದಿನ ರಾತ್ರಿ ನಿನಗೂ ಇಲ್ಲಿ ಹಾಸಿಗೆ ಹಾಸಿರುತ್ತೇನೆ, ಬಂದರೆ ಬಾ. ನನ್ನ ಕಾಲಿನ ಅಳತೆಯ ರಬ್ಬರ್ ಬೂಟು ಇನ್ನೂ ಕೊಂಡಿಲ್ಲ.

ಅಕ್ಕ,
ರಾಯಿಲಿ